ಹೊಂಗೆ ಮರದ ತರಗು ಮತ್ತು ನಾನು ಆರಿಸಿದ ಬ್ಯಾಟರಿ ಬ್ಲೋವರ್

ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು 40-60ರ ಸೈಟು. ಗೇಟಿನ ಹೊರಗೆ ಫುಟ್‌ಪಾತಿನಲ್ಲಿ ದೊಡ್ಡ ಹೊಂಗೆ ಮರ ಇದೆ. ಪಕ್ಕದ ಮನೆಯ ಬಾದಾಮಿ ಮರದ ಅರ್ಧ ಕೊಂಬೆ ನಮ್ಮ ಕಾಂಪೌಂಡಿನೊಳಗೇ ಇದೆ. ರಸ್ತೆಯಾಚೆ ಒಂದು ಗುಲ್‌ಮೊಹರ್. ಬೇಸಿಗೆಯಲ್ಲಿ ಈ ನೆರಳು ನಮಗೆ ಎಷ್ಟು ಬೇಕು ಅಂತ ಹೇಳಿ ಮುಗಿಯುವುದಿಲ್ಲ, ಮರ ಕಡಿಸುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಆದರೆ ಜನವರಿಯಲ್ಲಿ ಬಾದಾಮಿ ಎಲೆ ಕೆಂಪಾಗಿ ಉದುರಲು ಶುರುವಾದರೆ, ಫೆಬ್ರವರಿ-ಮಾರ್ಚಿನಲ್ಲಿ ಹೊಂಗೆ ಪೂರ್ತಿ ಬೋಳಾಗುತ್ತದೆ. ಅದು ಚಿಗುರಿದ ಮೇಲೆ ಹೂವು, ಅಂಗಳದ ತುಂಬಾ ಮಂಡಕ್ಕಿ ಚೆಲ್ಲಿದ ಹಾಗೆ.

ಇಷ್ಟು ವರ್ಷ ಇದನ್ನೆಲ್ಲ ಗುಡಿಸಿದ್ದು ಅಮ್ಮ. ತೆಂಗಿನ ಕಡ್ಡಿ ಪೊರಕೆ ಹಿಡಿದು, ಬಗ್ಗಿ, ಮುಂದಿನ ಅಂಗಳ, ಪೋರ್ಟಿಕೊ, ಎರಡೂ ಪಕ್ಕದ ಓಣಿ, ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಸುತ್ತ. ಒಂದು ದಿನ ಫೋನಿನಲ್ಲಿ ಸಮಯ ನೋಡಿದೆ, 40 ನಿಮಿಷ ಆಯಿತು. ಅವರಿಗೆ ಈಗ 68. ಕಳೆದ ವರ್ಷ ಸೊಂಟ ಹಿಡಿದುಕೊಂಡು ಒಂದು ವಾರ ಮಲಗಿದ್ದರು. ಎದ್ದ ದಿನವೇ ಮತ್ತೆ ಪೊರಕೆ ಹುಡುಕಿದರು, "ಬಾಗಿಲ ಮುಂದೆ ತರಗು ಬಿದ್ದಿರುವಾಗ ರಂಗೋಲಿ ಹೇಗೆ ಹಾಕ್ಲಿ" ಅಂತ. ಆಗ ನಾನು ಬ್ಲೋವರ್, ಅಂದರೆ ಗಾಳಿ ಊದಿ ಎಲೆ ತಳ್ಳುವ ಮೆಷಿನ್, ತರಬೇಕು ಅಂತ ತೀರ್ಮಾನ ಮಾಡಿದೆ. ಅದರ ಬಗ್ಗೆ ನನಗೇನೂ ಗೊತ್ತಿರಲಿಲ್ಲ, ಕಲಿತದ್ದು ಒಂದು ತಪ್ಪು ಖರೀದಿ ಮಾಡಿದ ಮೇಲೆ.

ಆ ಮೊದಲನೆಯದನ್ನು ಆನ್‌ಲೈನಿನಲ್ಲಿ ತರಿಸಿದ್ದು, ಎರಡು ಸಾವಿರದ ಒಳಗೆ ಸಿಕ್ಕಿತು. ಎರಡು ಬ್ಯಾಟರಿ, ಚಾರ್ಜರ್, ಪ್ಲಾಸ್ಟಿಕ್ ಪೆಟ್ಟಿಗೆ ಎಲ್ಲ ಸೇರಿ. ಬ್ಯಾಟರಿಯ ಮೇಲೆ ದೊಡ್ಡದಾಗಿ 48 ವೋಲ್ಟ್ ಅಂತ ಇತ್ತು. ಮೊದಲ ದಿನವೇ ಆರು ನಿಮಿಷಕ್ಕೆ ನಿಂತಿತು. ಒಣ ಹೊಂಗೆ ಎಲೆ ಹಾರುತ್ತಿತ್ತು, ಬಾದಾಮಿ ಎಲೆ ಸ್ವಲ್ಪ ಎದ್ದು ಅಲ್ಲೇ ಮಲಗುತ್ತಿತ್ತು. ಎರಡು ತಿಂಗಳಿಗೆ ಒಂದು ಬ್ಯಾಟರಿ ಚಾರ್ಜೇ ಆಗಲಿಲ್ಲ, ಇನ್ನೊಂದು ಚಾರ್ಜಿಗೆ ಹಾಕಿದರೆ ಕೈ ಇಡಲಾಗದಷ್ಟು ಬಿಸಿ. ನಾನು ಹೆದರಿ ಅದನ್ನು ಬಳಸುವುದನ್ನೇ ಬಿಟ್ಟೆ. ಮಾರಿದವರ ಹತ್ತಿರ ಬೇರೆ ಬ್ಯಾಟರಿ ಕೇಳಿದರೆ ಉತ್ತರ ಬರಲಿಲ್ಲ.

ಸಿಟ್ಟು ಬಂತು. ಆಮೇಲೆ ಕುತೂಹಲವೂ ಬಂತು. ಚಾರ್ಜರ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದೆ, ಔಟ್‌ಪುಟ್ 21 ವೋಲ್ಟ್ ಅಂತ ಇದೆ! 48 ವೋಲ್ಟಿನ ಬ್ಯಾಟರಿಯನ್ನು 21 ವೋಲ್ಟಿನ ಚಾರ್ಜರ್ ತುಂಬಿಸುವುದು ಹೇಗೆ ಸಾಧ್ಯ? ಇದರ ಲೆಕ್ಕ ಸರಳ. ಒಂದು ಲಿಥಿಯಂ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್, ಕೆಲಸ ಮಾಡುವಾಗ ಸರಾಸರಿ 3.6. ಐದು ಸೆಲ್ ಸಾಲಾಗಿ ಜೋಡಿಸಿದರೆ ತುಂಬಿದಾಗ 21, ಸರಾಸರಿ 18. ಅಂದರೆ 18 ವೋಲ್ಟ್, "20 ವೋಲ್ಟ್ ಮ್ಯಾಕ್ಸ್", 21 ವೋಲ್ಟ್ ಅಂತ ಮಾರುವುದೆಲ್ಲ ಅದೇ ಐದು ಸೆಲ್ಲಿನ ಸಾಲು. 48, 88, 98 ಅಂತ ಬರೆದು ಪಕ್ಕದಲ್ಲಿ ಇಂಗ್ಲಿಷಿನ ವಿ ಎಫ್ ಅಕ್ಷರ ಹಾಕಿರುವ ಅಗ್ಗದ ಬ್ಯಾಟರಿಗಳಲ್ಲೂ ಸಾಮಾನ್ಯವಾಗಿ ಇದೇ ಕಥೆ. ಹಾಗಾಗಿ ಯಾರಾದರೂ ಈಗ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ: ಬ್ಯಾಟರಿ ಮೇಲಿನ ದೊಡ್ಡ ಸಂಖ್ಯೆ ಬಿಡಿ, ಚಾರ್ಜರಿನ ಹಿಂದಿನ ಸಣ್ಣ ಸಂಖ್ಯೆ ಓದಿ.

ಆಮೇಲೆ ತಿಳಿದದ್ದು ವ್ಯಾಟ್-ಅವರ್ ಲೆಕ್ಕ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಬ್ಯಾಟರಿಯಲ್ಲಿ ಎಷ್ಟು ಸರಕಿದೆ ಅಂತ ಸಿಗುತ್ತದೆ. 18 ವೋಲ್ಟ್, 2 ಆಂಪಿಯರ್-ಅವರ್ ಅಂದರೆ 36. ಅದೇ 4 ಆದರೆ 72. ಬ್ಲೋವರ್ ಅನ್ನುವುದು ಡ್ರಿಲ್ ಥರ ಅಲ್ಲ, ಡ್ರಿಲ್ಲನ್ನು ನಾವು ಹತ್ತು ಸೆಕೆಂಡು ಒತ್ತಿ ಬಿಡುತ್ತೇವೆ, ಇದು ಒಂದೇ ಸಮನೆ ಓಡುತ್ತಲೇ ಇರಬೇಕು. ಫುಲ್ ಸ್ಪೀಡಿನಲ್ಲಿ 300 ವ್ಯಾಟ್ ಎಳೆಯುವ ಮೆಷಿನ್ನಿಗೆ 36 ವ್ಯಾಟ್-ಅವರ್ ಕೊಟ್ಟರೆ ಏಳು ನಿಮಿಷ, 72 ಕೊಟ್ಟರೆ ಹದಿನಾಲ್ಕು. ನನ್ನ ಹಳೆಯ ಬ್ಯಾಟರಿ ಆರು ನಿಮಿಷಕ್ಕೆ ನಿಂತಿದ್ದರಲ್ಲಿ ಆಶ್ಚರ್ಯ ಏನೂ ಇರಲಿಲ್ಲ.

ಇನ್ನೊಂದು ವಿಷಯ ಇದೆ, ಇದನ್ನು ಅಂಗಡಿಯಲ್ಲಿ ಯಾರೂ ನನಗೆ ಹೇಳಲಿಲ್ಲ. ಫ್ಯಾನಿನ ವೇಗವನ್ನು ಶೇ. 70ಕ್ಕೆ ಇಳಿಸಿದರೆ ಅದಕ್ಕೆ ಬೇಕಾಗುವ ಶಕ್ತಿ ಶೇ. 70ಕ್ಕೆ ಇಳಿಯುವುದಿಲ್ಲ, ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಬೆರಳಿನ ಒತ್ತಡಕ್ಕೆ ತಕ್ಕಂತೆ ವೇಗ ಬದಲಾಗುವ ಟ್ರಿಗರ್ ಇದ್ದರೆ ಅದೇ ಬ್ಯಾಟರಿಯಲ್ಲಿ ಎರಡು ಪಟ್ಟು ಹೊತ್ತು ಕೆಲಸ ಸುಲಭವಾಗಿ ಆಗುತ್ತದೆ. ಒಣ ಎಲೆಗೆ ಅರ್ಧ ವೇಗ ಧಾರಾಳ ಸಾಕು. ಆನ್-ಆಫ್ ಸ್ವಿಚ್ ಮಾತ್ರ ಇರುವ ಮೆಷಿನ್ ಮನೆಗೆ ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ.

ಗಾಳಿಯ ವಿಷಯಕ್ಕೆ ಬರುತ್ತೇನೆ. ಜಾಹೀರಾತಿನಲ್ಲಿ ಎಲ್ಲರೂ ಗಾಳಿಯ ವೇಗವನ್ನೇ ದೊಡ್ಡದಾಗಿ ಬರೆಯುತ್ತಾರೆ. ಕೊಳಾಯಿ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ ನೀರು ಜೋರಾಗಿ ದೂರಕ್ಕೆ ಚಿಮ್ಮುತ್ತದೆ ಅಲ್ವಾ, ಹಾಗಂತ ಬಕೆಟ್ಟು ಬೇಗ ತುಂಬುತ್ತದೆಯೇ? ಇದೂ ಹಾಗೆಯೇ. ಬಾಯಿ ಚಿಕ್ಕದು ಮಾಡಿದರೆ ವೇಗ ಜಾಸ್ತಿ ತೋರಿಸಬಹುದು. ಎಲೆಯ ರಾಶಿಯನ್ನು ತಳ್ಳಿಕೊಂಡು ಹೋಗಲು ಬೇಕಾದದ್ದು ಗಾಳಿಯ ಪ್ರಮಾಣ, ಅಂದರೆ ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ಹೊರಗೆ ಬರುತ್ತದೆ ಅನ್ನುವುದು. ಕೆಲವು ಪೆಟ್ಟಿಗೆಗಳ ಮೇಲೆ ಇದನ್ನು ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಅಂತ ಕೊಟ್ಟಿರುತ್ತಾರೆ, 35ರಿಂದ ಭಾಗಿಸಿದರೆ ಘನ ಮೀಟರ್ ಸಿಗುತ್ತದೆ.

ನಮ್ಮಲ್ಲಿ ಸುಲಭವಾಗಿ ಸಿಗುವುದು ಗುಂಡು ಹೊಟ್ಟೆ, ಚಿಕ್ಕ ಮೂತಿಯ ಬ್ಲೋವರ್. ಬಡಗಿಗಳು ಮರದ ಹೊಟ್ಟು ಊದಲು, ಕಂಪ್ಯೂಟರ್ ರಿಪೇರಿಯವರು ಧೂಳು ತೆಗೆಯಲು ಇಟ್ಟುಕೊಳ್ಳುವಂಥದ್ದು. ಅದರಲ್ಲಿ ನಿಮಿಷಕ್ಕೆ ಎರಡು-ಮೂರು ಘನ ಮೀಟರ್ ಗಾಳಿ ಬರುತ್ತದೆ. ಪೋರ್ಟಿಕೊ, ಮೆಟ್ಟಿಲು, ಕಿಟಕಿ ಸಂದಿಗೆ ಅದು ಬಹಳ ಚೆನ್ನಾಗಿದೆ. ಬಾಲ್ಕನಿ ಮಾತ್ರ ಇರುವ ಅಪಾರ್ಟ್‌ಮೆಂಟಿನವರಿಗೆ ಅದಕ್ಕಿಂತ ದೊಡ್ಡದು ಬೇಕಿಲ್ಲ. ಅಂಗಳ ಇದ್ದವರಿಗೆ ಉದ್ದ, ಅಗಲ ಕೊಳವೆಯದು ಬೇಕು. ಅದರಲ್ಲಿ ಫ್ಯಾನು ಕೊಳವೆಯೊಳಗೇ ನೇರವಾಗಿ ಕೂತಿರುತ್ತದೆ, ಗಾಳಿ ಹಿಂದಿನಿಂದ ಮುಂದಕ್ಕೆ ಹರಿಯುತ್ತದೆ, ಹತ್ತು ಘನ ಮೀಟರಿನ ಮೇಲೆಯೂ ಕೊಡುತ್ತದೆ. ಮೂತಿ ನೆಲದ ಹತ್ತಿರಕ್ಕೆ ಬರುವುದರಿಂದ ಬಗ್ಗುವ ಕೆಲಸವೇ ಇಲ್ಲ. ನಮ್ಮ ಮನೆಗೆ ಬೇಕಾಗಿದ್ದು ಅದೇ.

ಬ್ಯಾಟರಿ ಯಾವುದು ಅನ್ನುವ ಪ್ರಶ್ನೆಗೆ ಉತ್ತರ ಮನೆಯ ಅಟ್ಟದಲ್ಲೇ ಇತ್ತು. ನಮ್ಮನೆಯವರ ಹತ್ತಿರ ಒಳ್ಳೆಯ ಕಂಪನಿಯ 18 ವೋಲ್ಟಿನ ಡ್ರಿಲ್ ಇತ್ತು, 2 ಆಂಪಿಯರ್-ಅವರ್ ಬ್ಯಾಟರಿ ಮತ್ತು ಚಾರ್ಜರ್ ಸಮೇತ. ಅದೇ ಕಂಪನಿಯ ಬ್ಲೋವರನ್ನು ಬ್ಯಾಟರಿ ಇಲ್ಲದೆ ಬರಿ ಮೆಷಿನ್ ಆಗಿ ತೆಗೆದುಕೊಂಡು, ಜೊತೆಗೆ ಒಂದು 4 ಆಂಪಿಯರ್-ಅವರ್ ಬ್ಯಾಟರಿ ಕೊಂಡೆವು. ಈಗ ಎರಡೂ ಸೇರಿ 108 ವ್ಯಾಟ್-ಅವರ್. ಇಲ್ಲಿ ಒಂದು ಎಚ್ಚರಿಕೆ ಬೇಕು. ಒಂದೇ ಕಂಪನಿ, ಒಂದೇ ವೋಲ್ಟ್ ಆದ ಮಾತ್ರಕ್ಕೆ ಬ್ಯಾಟರಿ ಕೂರುತ್ತದೆ ಅಂತ ಅಂದುಕೊಳ್ಳಬೇಡಿ. ಬಾಷ್‌ನಲ್ಲಿ ನೀಲಿ ಬಣ್ಣದ ವೃತ್ತಿಪರ ಉಪಕರಣಗಳ 18 ವೋಲ್ಟ್ ಬ್ಯಾಟರಿ ಬೇರೆ, ಹಸಿರು ಬಣ್ಣದ ಮನೆಬಳಕೆಯದು ಬೇರೆ, ಒಂದಕ್ಕೊಂದು ಹೊಂದುವುದಿಲ್ಲ. ಹಳೆಯ ಬ್ಯಾಟರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.

ನಾನು ಹಾಗೇ ಹೋದೆ, ಅಮ್ಮನನ್ನೂ ಕರೆದುಕೊಂಡು. ಅಂಗಡಿಯವರು ಮೊದಲು 36 ವೋಲ್ಟಿನದನ್ನು ತೋರಿಸಿದರು. ಗಾಳಿ ಅದ್ಭುತವಾಗಿತ್ತು. ಆದರೆ ಬ್ಯಾಟರಿ ಹಾಕಿದ ಮೇಲೆ ಮೂರು ಕಿಲೋ ದಾಟುತ್ತಿತ್ತು. ಅಮ್ಮನ ಕೈಗೆ ಕೊಟ್ಟು ಐದು ನಿಮಿಷ ಹಿಡಿದು ಓಡಾಡಿ ಅಂದೆ. ಎರಡನೇ ನಿಮಿಷಕ್ಕೆ ಅವರು ಕೈ ಬದಲಾಯಿಸಿದರು, ಮೂರನೆಯದಕ್ಕೆ ಕೆಳಗಿಟ್ಟರು. "ಚೆನ್ನಾಗಿದೆ ಕಣೇ, ಆದ್ರೆ ಮಣಿಕಟ್ಟು ಎಳೆಯುತ್ತೆ" ಅಂದರು. 18 ವೋಲ್ಟಿನದು ಬ್ಯಾಟರಿ ಸೇರಿ ಎರಡು ಕಿಲೋ ಚಿಲ್ಲರೆ. ಅದನ್ನು ಹಿಡಿದು ಅಂಗಡಿಯ ಮುಂದೆ ಎರಡು ಸುತ್ತು ಬಂದರು. ಅಲ್ಲಿಗೆ ನಿರ್ಧಾರ ಆಯಿತು. ಮನೆಯಲ್ಲಿ ದಿನಾ ಹಿಡಿಯುವವರ ಕೈಗೆ ಕೊಟ್ಟು ನೋಡದೆ ದಯವಿಟ್ಟು ಕೊಳ್ಳಬೇಡಿ. ಬ್ರಶ್‌ಲೆಸ್ ಮೋಟಾರ್ ಇದ್ದದ್ದು ಇನ್ನೊಂದು ಸಮಾಧಾನ, ಕಾರ್ಬನ್ ಬ್ರಶ್ ಸವೆಯುವ ತಲೆನೋವಿಲ್ಲ, ಅದೇ ಬ್ಯಾಟರಿಯಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಓಡುತ್ತದೆ.

ವೈರಿನ ಬ್ಲೋವರ್ ಯಾಕೆ ಬೇಡ ಅಂತ ಕೇಳಬಹುದು. ಅದು ಅಗ್ಗ, ಶಕ್ತಿಯೂ ಜಾಸ್ತಿ. ಎದುರು ಮನೆಯಿಂದ ಎರಡು ದಿನ ತಂದು ನೋಡಿದೆ. ಎಕ್ಸ್‌ಟೆನ್ಶನ್ ವೈರು ಹೂಕುಂಡಗಳಿಗೆ ಸಿಕ್ಕಿಕೊಳ್ಳುತ್ತದೆ, ಒದ್ದೆ ಅಂಗಳದಲ್ಲಿ ಎಳೆದಾಡಲು ನನಗೆ ಭಯ. ಅಮ್ಮ ಎಡವಿ ಬಿದ್ದರೆ ಅಂತ ಯೋಚನೆ ಬಂದ ಮೇಲೆ ಅದರ ಮಾತು ಅಲ್ಲಿಗೆ ಮುಗಿಯಿತು.

ಬಳಸುವುದರಲ್ಲೂ ಕಲಿಯುವುದು ಬಹಳ ಇತ್ತು. ಹೊಸ ಮೆಷಿನ್ ಬಂದ ವಾರವೇ ತಾರಸಿಯ ಮೇಲೆ ಹೋಗಿ ಮಳೆನೀರಿನ ಕೊಳವೆಯ ಬಾಯಿ ಮುಚ್ಚಿದ್ದ ಎಲೆಗಳನ್ನು ಫುಲ್ ಸ್ಪೀಡಿನಲ್ಲಿ ಊದಿದೆ. ಪಕ್ಕದ ಮನೆಯ ಆಂಟಿ ತಮ್ಮ ತಾರಸಿಯಲ್ಲಿ ಅರಳು ಸಂಡಿಗೆ ಒಣಗಿಸಿದ್ದರು. ಧೂಳೆಲ್ಲ ಅದರ ಮೇಲೆ. "ಏನಮ್ಮಾ ಇದು, ಬೆಳಿಗ್ಗೆಯಿಂದ ಕೂತು ಇಟ್ಟಿದ್ದು" ಅಂದರು, ಬೈಯಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ಮಾರನೇ ದಿನ ನಾನೂ ಅಮ್ಮನೂ ಅವರ ಜೊತೆ ಕೂತು ಹೊಸದಾಗಿ ಸಂಡಿಗೆ ಇಟ್ಟುಕೊಟ್ಟೆವು. ಅವತ್ತಿನಿಂದ ಊದುವ ಮುಂಚೆ ಗಾಳಿ ಯಾವ ಕಡೆಗೆ ಬೀಸುತ್ತಿದೆ, ಆ ಕಡೆ ಯಾರ ಬಟ್ಟೆ, ಯಾರ ಹಪ್ಪಳ ಇದೆ ಅಂತ ನೋಡಿಯೇ ಟ್ರಿಗರ್ ಒತ್ತುತ್ತೇನೆ.

ಶಬ್ದದ ವಿಷಯವೂ ಅಷ್ಟೇ. ಪೆಟ್ರೋಲ್ ಬ್ಲೋವರಿಗೆ ಹೋಲಿಸಿದರೆ ಇದು ಎಷ್ಟೋ ವಾಸಿ, ಆದರೂ ಶಬ್ದ ಇದ್ದೇ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಮನೆಗಳಿರುವ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಅಮ್ಮನಿಗೆ ಐದೂವರೆಗೆ ಬಾಗಿಲು ಸಾರಿಸಿ ರಂಗೋಲಿ ಹಾಕಿ ಅಭ್ಯಾಸ. ಹಾಗಾಗಿ ಬಾಗಿಲ ಮುಂದಿನ ಮಾರುದ್ದ ಜಾಗವನ್ನು ಈಗಲೂ ಪೊರಕೆಯಲ್ಲೇ ಗುಡಿಸುತ್ತಾರೆ, ಉಳಿದದ್ದನ್ನೆಲ್ಲ ಎಂಟು ಗಂಟೆಯ ಮೇಲೆ ಬ್ಲೋವರಿನಲ್ಲಿ. ಅಷ್ಟೊತ್ತಿಗೆ ಇಬ್ಬನಿ ಆರಿ ಎಲೆ ಗರಿಗರಿ ಆಗಿರುತ್ತದೆ, ಕೆಲಸ ಹಗುರ.

ಈಗ ನಾವು ಮಾಡುವ ಕ್ರಮ ಹೀಗಿದೆ. ಹಿಂದಿನ ಅಂಗಳದಿಂದ ಶುರು ಮಾಡಿ ಒಂದೇ ದಿಕ್ಕಿಗೆ, ಓಣಿಯಲ್ಲಿ ಮುಂದಕ್ಕೆ ತಳ್ಳಿಕೊಂಡು ಬರುತ್ತೇವೆ. ಕೊಳವೆಯನ್ನು ನೆಲಕ್ಕೆ ತೀರಾ ಚುಚ್ಚಿ ಹಿಡಿದರೆ ಮಣ್ಣು ಏಳುತ್ತದೆ, ಒಂದು ಗೇಣು ಮೇಲೆ ಓರೆಯಾಗಿ ಹಿಡಿದು ನಿಧಾನವಾಗಿ ಆಚೆ-ಈಚೆ ಬೀಸಬೇಕು. ಮುಂದಿನ ಮೂಲೆಯಲ್ಲಿ ಹಳೇ ಸೀರೆ ಹಾಸಿರುತ್ತೇವೆ, ಎಲೆ ಅದರ ಮೇಲೆ ರಾಶಿ ಬೀಳುತ್ತದೆ, ನಾಲ್ಕು ಮೂಲೆ ಹಿಡಿದು ಎತ್ತಿದರೆ ಆಯಿತು. ಗುಲ್‌ಮೊಹರಿನ ಅಕ್ಕಿ ಕಾಳಿನಂಥ ಎಲೆ ಇಂಟರ್‌ಲಾಕ್ ಕಲ್ಲಿನ ಸಂದಿಯಲ್ಲಿ ಕೂತರೆ ಪೊರಕೆಗೆ ಬರುವುದೇ ಇಲ್ಲ, ಅದಕ್ಕೆ ಮಾತ್ರ ಫುಲ್ ಸ್ಪೀಡು. ಮೂಗಿಗೆ ಮಾಸ್ಕು, ಕಣ್ಣಿಗೆ ಕನ್ನಡಕ ಇಲ್ಲದೆ ಶುರು ಮಾಡುವುದಿಲ್ಲ. ಮೊದಲಿನ 40 ನಿಮಿಷದ ಕೆಲಸ ಈಗ 15 ನಿಮಿಷ. 4 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಎರಡು ದಿನ ನಡೆಯುತ್ತದೆ, ಯಾಕೆಂದರೆ ಹೆಚ್ಚಿನ ಹೊತ್ತು ನಾವು ಅರ್ಧ ವೇಗದಲ್ಲೇ ಇರುತ್ತೇವೆ.

ರಾಶಿಯಾದ ತರಗಿಗೆ ಬೆಂಕಿ ಹಾಕುವುದಿಲ್ಲ, ಮೋರಿಗೂ ತಳ್ಳುವುದಿಲ್ಲ. ಹಿಂದಿನ ಮೂಲೆಯಲ್ಲಿ ಕೋಳಿ ಬಲೆಯನ್ನು ಸುತ್ತಿ ಎದೆಮಟ್ಟದ ಗೂಡು ಮಾಡಿದ್ದೇವೆ. ಎಲೆ ತುಂಬಿ, ಮಧ್ಯೆ ಮಧ್ಯೆ ಸಗಣಿ ನೀರು, ಹುಳಿ ಮಜ್ಜಿಗೆ ಚಿಮುಕಿಸುತ್ತೇವೆ. ಬಾದಾಮಿ ಎಲೆ ದಪ್ಪ, ಕೊಳೆಯಲು ನಿಧಾನ, ಹೊಂಗೆ ಬೇಗ ಕರಗುತ್ತದೆ. ಆ ಗೊಬ್ಬರ ಹಾಕಿದ ಮೇಲೆ ನಮ್ಮ ದಾಸವಾಳಕ್ಕೆ ಬಂದ ಕಳೆ ನೋಡಿ ಅಮ್ಮನಿಗೆ ತರಗಿನ ಮೇಲಿದ್ದ ಬೇಸರವೇ ಹೋಗಿದೆ.

ಬ್ಯಾಟರಿಯನ್ನು ಕೆಲಸ ಮುಗಿದ ಕೂಡಲೇ ಚಾರ್ಜಿಗೆ ಹಾಕುವುದಿಲ್ಲ, ಅರ್ಧ ಗಂಟೆ ನೆರಳಿನಲ್ಲಿ ಆರಲು ಬಿಡುತ್ತೇವೆ. ಬಿಸಿಲಿಗೆ ನಿಂತ ಕಾರಿನೊಳಗೆ, ತಾರಸಿಯ ಶೀಟಿನ ಶೆಡ್ಡಿನಲ್ಲಿ ಇಡುವುದಿಲ್ಲ, ಬಿಸಿ ಲಿಥಿಯಂ ಸೆಲ್ಲಿನ ಆಯಸ್ಸು ತಿನ್ನುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಒದ್ದೆ ಎಲೆಗೆ ಬ್ಲೋವರ್ ಸುಮ್ನೆ ದಂಡ, ಆಗ ಮತ್ತೆ ಕಡ್ಡಿ ಪೊರಕೆಯೇ, ಆದರೆ ಅದನ್ನು ಈಗ ಹಿಡಿಯುವುದು ನಾನು. ಬ್ಯಾಟರಿಗಳನ್ನು ಅರ್ಧದಷ್ಟು ಚಾರ್ಜ್ ಮಾಡಿ, ಮೆಷಿನ್ನಿನಿಂದ ಕಳಚಿ, ಬಟ್ಟೆ ಬೀರುವಿನ ಕೆಳಗಿನ ಖಾನೆಯಲ್ಲಿ ಇಟ್ಟುಬಿಡುತ್ತೇವೆ. ಎರಡು ತಿಂಗಳಿಗೊಮ್ಮೆ ತೆಗೆದು ದೀಪ ಎಷ್ಟು ಕಡ್ಡಿ ತೋರಿಸುತ್ತದೆ ಅಂತ ಅಮ್ಮನೇ ನೋಡಿ ಹೇಳುತ್ತಾರೆ.