ಬಾಣೆಯ ಮರಗಳನ್ನು ನಂಬಿದ ಸಂಸಾರ: ನನ್ನ ಅನುಭವ

ಕಾಫಿಯ ಹಣ ವರ್ಷಕ್ಕೊಮ್ಮೆ ಕೈಗೆ ಬರುತ್ತದೆ. ಮನೆಯ ಖರ್ಚು ಹನ್ನೆರಡು ತಿಂಗಳೂ ಇರುತ್ತದೆ. ಕೊಡಗಿನ ನಾಪೋಕ್ಲು ಸಮೀಪದ ನಮ್ಮ ಚಿಕ್ಕ ರೊಬಸ್ಟಾ ಕಾಫಿ ತೋಟವನ್ನೂ ಮನೆಯ ಹಿಂದಿನ ಬಾಣೆಯನ್ನೂ ನೋಡಿಕೊಳ್ಳತೊಡಗಿದಾಗಿನಿಂದ, ಈ ನಡುವಿನ ತಿಂಗಳುಗಳನ್ನು ಮರಗಳ ಆದಾಯದಿಂದ ದಾಟುವುದು ಹೇಗೆಂಬುದೇ ನನ್ನ ಮುಖ್ಯ ಯೋಚನೆಯಾಗಿದೆ. ಗದ್ದೆಗೆ ಸೊಪ್ಪು, ಒಲೆಗೆ ಸೌದೆ, ದನಗಳಿಗೆ ಮೇವು, ಮನೆ ಕಟ್ಟಲು ಮರಮುಟ್ಟು ಸಿಗಲೆಂದು ಹಿರಿಯರು ಗದ್ದೆಯ ಜೊತೆಗೆ ಉಳಿಸಿಕೊಂಡು ಬಂದ ಜಾಗವೇ ಬಾಣೆ. ಆ ಉಪಯೋಗಗಳು ಇಂದಿಗೂ ತಪ್ಪಿಲ್ಲ. ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳನ್ನು ಕಪಾತು ಮಾಡಿದಾಗ ಸಿಗುವ ಕೊಂಬೆಗಳೇ ನಮ್ಮ ಸೌದೆ.

ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಕಡಿದು ಮಾರುವುದೂ ಸುಲಭ. ಆದ್ದರಿಂದಲೇ ಅನೇಕ ತೋಟಗಳಲ್ಲಿ ಕಾಡುಮರಗಳ ಜಾಗದಲ್ಲಿ ಅದು ಸಾಲುಗಟ್ಟಿ ನಿಂತಿದೆ. ನಾನು ಅದನ್ನು ಬೇಲಿಯ ಅಂಚಿಗಷ್ಟೇ ಇಟ್ಟು, ಒಳಗೆ ನಂದಿ, ಹೊನ್ನೆ, ಮತ್ತಿ, ಬಳಂಜಿ, ಅತ್ತಿ, ಹಲಸುಗಳನ್ನು ಉಳಿಸಿಕೊಂಡೆ. ಅತ್ತಿಯ ಎಲೆ ಬೇಗ ಕೊಳೆತು ಗೊಬ್ಬರವಾಗುತ್ತದೆ. ಸಿಲ್ವರ್ ಓಕ್‌ನ ತರಗು ಬಹಳ ಕಾಲ ಹಾಗೆಯೇ ಬಿದ್ದಿರುತ್ತದೆ.

ಈ ಮರಗಳ ನಿಜವಾದ ಸಂಪಾದನೆ ಕಾಳುಮೆಣಸಿನದು. ಮುಂಗಾರು ಹಿಡಿದ ಮೇಲೆ ಬೇರು ಬಂದ ಬಳ್ಳಿಗಳನ್ನು ಮರದ ಉತ್ತರ ದಿಕ್ಕಿನಲ್ಲಿ, ಬುಡದಿಂದ ಸುಮಾರು ಒಂದು ಅಡಿ ದೂರಕ್ಕೆ ನೆಡುತ್ತೇನೆ. ಬಿಸಿಲಿನ ಹೊಡೆತ ಅಲ್ಲಿ ಕಡಿಮೆ. ಬೆಳಕು ಬೀಳುವ ಕಡೆ ಪಣಿಯೂರು-1 ತಳಿ, ನೆರಳು ಹೆಚ್ಚಿರುವಲ್ಲಿ ಕರಿಮುಂಡ ತಳಿ. ಸೊರಗು ರೋಗ ತಡೆಯಲು ಮಳೆಗೆ ಮುನ್ನ ಒಮ್ಮೆ, ಆಗಸ್ಟ್‌ನಲ್ಲಿ ಬಿಡುವು ನೋಡಿ ಮತ್ತೊಮ್ಮೆ ಮೈಲುತುತ್ತ, ಸುಣ್ಣ ಬೆರೆಸಿದ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಿ, ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಲೇಬೇಕು. ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಮೆಣಸಿನ ಕೊಯ್ಲು ಶುರುವಾಗುವುದರಿಂದ ಅದೇ ಕೆಲಸಗಾರರಿಗೆ ಮುಂದೆಯೂ ಕೆಲಸವಿರುತ್ತದೆ. ಚೆನ್ನಾಗಿ ಒಣಗಿದ ಮೆಣಸು ವರ್ಷಗಟ್ಟಲೆ ಕೆಡುವುದಿಲ್ಲ. ನಮ್ಮಂಥ ಸಣ್ಣ ಬೆಳೆಗಾರರಿಗೆ ಅದು ಮನೆಯಲ್ಲೇ ಇರುವ ಬ್ಯಾಂಕು. ಶಾಲೆಯ ಶುಲ್ಕಕ್ಕೋ ಆಸ್ಪತ್ರೆಯ ಖರ್ಚಿಗೋ ಬೇಕಾದಷ್ಟನ್ನೇ ಗೋಣಿಕೊಪ್ಪಕ್ಕೆ ಒಯ್ದು ಮಾರುತ್ತೇವೆ, ಉಳಿದದ್ದನ್ನು ಒಳ್ಳೆಯ ಬೆಲೆಗಾಗಿ ಇಟ್ಟುಕೊಳ್ಳುತ್ತೇವೆ.

ಜೇನಿನ ಲೆಕ್ಕವನ್ನು ತುಪ್ಪದಿಂದ ಮಾತ್ರ ಹಾಕಬಾರದೆಂದು ನನ್ನ ಅಭಿಪ್ರಾಯ. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಹೂಮಳೆ ಬಿದ್ದು ಹೂವರಳಿದ ಆ ಕೆಲವೇ ದಿನಗಳಲ್ಲಿ ಗಾಳಿಯೂ ಜೇನೂ ಕೆಲಸ ಮಾಡಬೇಕು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್ ಬ್ರೂಡ್ ರೋಗಕ್ಕೆ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ಕುಟುಂಬಗಳು ನಾಶವಾದಾಗ ಕೊಡಗಿನ ಅನೇಕ ಮನೆಗಳು ಪೆಟ್ಟಿಗೆಗಳನ್ನೇ ಕೈಬಿಟ್ಟವು. ನಾವು ಮತ್ತೆ ಇಟ್ಟಿದ್ದೇವೆ. ಕಾಫಿಯ ಹೂವು ಮುಗಿದ ಮೇಲೂ ಕಾಡುಮರಗಳಲ್ಲಿ ಒಂದಾದ ಮೇಲೊಂದು ಹೂವಿರುವುದರಿಂದ ಜೇನುಗಳು ಪೆಟ್ಟಿಗೆಯಲ್ಲೇ ನಿಲ್ಲುತ್ತವೆ.

ಮಳೆಗಾಲದ ಕೈಖರ್ಚು ಕಾಚಂಪುಳಿ ಎಂಬ ಹುಳಿಹಣ್ಣಿನ ಮರದ್ದು. ಹಣ್ಣಾಗಿ ಉದುರಿದ್ದನ್ನು ಆರಿಸಿ ಬುಟ್ಟಿಗೆ ತುಂಬಿ, ಕೆಳಗೆ ಪಾತ್ರೆಯಿಟ್ಟರೆ ಹಣ್ಣು ಕೊಳೆಯುತ್ತಾ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಕಪ್ಪಾಗಿ ಗಟ್ಟಿಯಾಗುವವರೆಗೆ ಕುದಿಸುವುದು ತಾಳ್ಮೆಯ ಕೆಲಸ. ನಮ್ಮ ಮನೆಯಲ್ಲಿ ಅದು ಅಮ್ಮನದು, ಅದರ ಹಣವೂ ಅವರದೇ. ಕೊಡಗಿನ ಹಂದಿಮಾಂಸದ ಅಡುಗೆಯಾದ ಪಂದಿಕರಿಗೆ ಅದಿಲ್ಲದೆ ಆಗದು, ಹಾಗಾಗಿ ಗಿರಾಕಿಗಳನ್ನು ಹುಡುಕಬೇಕಾಗಿಲ್ಲ. ಹಲಸನ್ನು ಮಾತ್ರ ಹಣ್ಣಾಗಲು ಬಿಡುವಂತಿಲ್ಲ, ಆ ವಾಸನೆಗೆ ಆನೆ ಬರುತ್ತದೆ. ಎಳೆಯದಿರುವಾಗಲೇ ಇಳಿಸಿ ಪಲ್ಯಕ್ಕೂ ಮಾರಾಟಕ್ಕೂ ಬಳಸುತ್ತೇವೆ.

ಮರದ ಹಕ್ಕಿನ ವಿಷಯ ಹೇಳದಿದ್ದರೆ ಈ ಲೆಕ್ಕ ಪೂರ್ಣವಾಗದು. ರಿಡೀಮ್ ಆಗದ, ಅಂದರೆ ಸರ್ಕಾರಕ್ಕೆ ಹಣ ಕಟ್ಟಿ ಮರದ ಹಕ್ಕನ್ನು ಬಿಡಿಸಿಕೊಳ್ಳದ ಜಾಗದಲ್ಲಿ ಹಳೆಯ ಬೀಟೆ, ಹೊನ್ನೆಗಳನ್ನು ಕಾದವರು ನಾವಾದರೂ ಮರದ ಬೆಲೆ ನಮ್ಮದಲ್ಲ. ಹೀಗಿರುವವರೆಗೆ ಜನರು ಸಿಲ್ವರ್ ಓಕ್ ಕಡೆಗೆ ತಿರುಗುವುದನ್ನು ತಪ್ಪೆನ್ನಲಾರೆ. ಆದರೂ ಕಳೆ ತೆಗೆಸುವ ಮುನ್ನ ತೋಟವನ್ನೆಲ್ಲ ಸುತ್ತಿ, ತಾನಾಗಿ ಹುಟ್ಟಿದ ನಂದಿ, ಅತ್ತಿ, ಕಾಚಂಪುಳಿ ಸಸಿಗಳ ಪಕ್ಕ ಕೋಲು ನೆಟ್ಟು ಗುರುತು ಮಾಡುತ್ತೇನೆ. ಅವು ಬಲಿತ ಮೇಲೆ ಮೆಣಸಿನ ಬಳ್ಳಿಗೆ ಆಸರೆಯಾಗುತ್ತವೆ, ಮತ್ತು ಆ ಮೆಣಸಿಗೆ ಯಾರ ಅನುಮತಿಯೂ ಬೇಕಿಲ್ಲ.