ಮುಂದಿನ ಗಾಜಿಗೆ ಕಲ್ಲು ಬಡಿದರೆ ಮೊದಲು ಟೇಪು ಹಚ್ಚಿ

ಸಂಡೂರಿನಿಂದ ತೋರಣಗಲ್ಲಿಗೆ ಬರುವ ದಾರಿಯಲ್ಲಿ ತಾಡಪತ್ರಿ ಸರಿಯಾಗಿ ಕಟ್ಟದ ಅದಿರು ಟಿಪ್ಪರ್ ಹಿಂದೆ ಸಿಕ್ಕಿಕೊಂಡರೆ, ಅಥವಾ ಗಿಣಿಗೇರಾ ಹತ್ತಿರ ಕಾರ್ಖಾನೆ ಲಾರಿಗಳ ಸಾಲಿನಲ್ಲಿ ಹೊರಟಿದ್ದರೆ, 'ಟಪ್' ಎಂಬ ಸದ್ದು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತದೆ. ಗಾಜಿನ ಮೇಲೆ ಜೋಳದ ಕಾಳಿನಷ್ಟು ಚಕ್ಕೆ ಎದ್ದಿರುತ್ತದೆ. ಆ ಹೊತ್ತಿಗೆ ಅದು ಇನ್ನೂ ರಿಪೇರಿ ಆಗುವ ಗಾಜು. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಅದೇ ಚಕ್ಕೆಯಿಂದ ಮೊಳದುದ್ದ ಬಿರುಕು ಹರಿದು, ಇಡೀ ಗಾಜನ್ನೇ ಬದಲಿಸುವ ಸ್ಥಿತಿಗೆ ಬಂದಿರುತ್ತದೆ. ನಡುವೆ ಏನಾಯಿತೆಂದು ಕೇಳಿದರೆ ಬಹುತೇಕ ಒಂದೇ ಉತ್ತರ: ಮರುದಿನ ವಾಟರ್ ಸರ್ವಿಸ್ ಮಾಡಿಸಿದ್ದಾರೆ, ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದ್ದ ಕಾರಿಗೆ ಹತ್ತಿ ಏಸಿ ಪೂರ್ತಿ ತಿರುಗಿಸಿದ್ದಾರೆ, ಕೊನೆಗೆ ಯಾರೋ ಹೇಳಿದರೆಂದು ಫೆವಿಕ್ವಿಕ್ ಹನಿಸಿದ್ದಾರೆ.

ಮುಂದಿನ ಗಾಜು ಒಂದೇ ಹಾಳೆಯಲ್ಲ. ಎರಡು ಗಾಜಿನ ಹಾಳೆಗಳ ನಡುವೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಕಲ್ಲು ಬಡಿದಾಗ ಸಾಮಾನ್ಯವಾಗಿ ಒಡೆಯುವುದು ಹೊರಗಿನ ಹಾಳೆ ಮಾತ್ರ. ಹಾಗಾಗಿಯೇ ರಿಪೇರಿ ಸಾಧ್ಯ. ಬಾಗಿಲಿನ ಗಾಜು, ಹಿಂದಿನ ಗಾಜು ಬೇರೆ ಜಾತಿಯವು. ಒಡೆದರೆ ಹರಳು ಹರಳಾಗಿ ಉದುರುತ್ತವೆ, ಬದಲಿಸುವುದೊಂದೇ ದಾರಿ.

ಮೊದಲ ಹತ್ತು ನಿಮಿಷ

ಸದ್ದು ಕೇಳಿದ ಕೂಡಲೇ ಬ್ರೇಕ್ ಒತ್ತಬೇಡಿ, ಹಿಂದೆಯೂ ಲಾರಿಯೇ ಇರುತ್ತದೆ. ಎಡಕ್ಕೆ ಸರಿದು, ಇಂಡಿಕೇಟರ್ ನಾಲ್ಕೂ ಹಾಕಿ ನಿಲ್ಲಿಸಿ. ಚಕ್ಕೆಯ ಫೋಟೊ ಹತ್ತಿರದಿಂದ ಒಂದು, ಇಡೀ ಕಾರಿನದೊಂದು, ಕಿಲೋಮೀಟರ್ ಕಲ್ಲಿನದೊಂದು ತೆಗೆದುಕೊಳ್ಳಿ. ಲಾರಿ ನಂಬರ್ ಕಂಡಿದ್ದರೆ ಬರೆದಿಟ್ಟುಕೊಳ್ಳಿ; ಬೆನ್ನಟ್ಟಿ ಅಡ್ಡಗಟ್ಟಿ ಜಗಳ ತೆಗೆದರೆ ಗಾಜಿನ ದುಡ್ಡು ಬರುವುದಿಲ್ಲ. ರಾಷ್ಟ್ರೀಯ ಹೆದ್ದಾರಿಯ ಮೇಲೆ ಕಲ್ಲು, ಟೈರಿನ ಸಿಪ್ಪೆ, ಕಬ್ಬಿಣದ ತುಂಡು ಬಿದ್ದಿದ್ದರೆ 1033ಕ್ಕೆ ಫೋನ್ ಮಾಡಿ ಜಾಗ ಹೇಳಿ.

ಆಮೇಲೆ ಟೇಪು. ಒಣ ಮೆತ್ತನೆ ಬಟ್ಟೆಯಿಂದ ಚಕ್ಕೆಯ ಸುತ್ತಲ ಧೂಳನ್ನು ಮೆಲ್ಲಗೆ ತೆಗೆದು, ಪಾರದರ್ಶಕ ಸೆಲ್ಲೋ ಟೇಪಿನ ಎರಡಿಂಚು ತುಂಡು ಅಂಟಿಸಿ. ಚಕ್ಕೆಯ ಮೇಲೆ ಬೆರಳು ಒತ್ತಬೇಡಿ, ಅಂಚುಗಳನ್ನಷ್ಟೇ ಒತ್ತಿ. ಬ್ರೌನ್ ಟೇಪು, ಕರೆಂಟಿನವರ ಇನ್ಸುಲೇಶನ್ ಟೇಪು ಬೇಡ. ನಮ್ಮ ಬಿಸಿಲಿಗೆ ಅದರ ಗೋಂದು ಇಳಿದು ಚಕ್ಕೆಯೊಳಗೆ ಸೇರುತ್ತದೆ. ಒಳಗೆ ಧೂಳು, ನೀರು, ಶಾಂಪೂ ಹೋಗದಂತೆ ತಡೆಯುವುದೇ ಟೇಪಿನ ಕೆಲಸ. ಒಮ್ಮೆ ಕೊಳೆ ಸೇರಿದರೆ ರೆಸಿನ್ (ರಿಪೇರಿಗೆ ಚಕ್ಕೆಯೊಳಗೆ ತುಂಬುವ ಪಾರದರ್ಶಕ ಅಂಟು) ಹಿಡಿಯುವುದಿಲ್ಲ, ಹಿಡಿದರೂ ಕಪ್ಪು ಕಲೆ ಉಳಿಯುತ್ತದೆ.

ಒಣ ಗಾಜಿನ ಮೇಲೆ ವೈಪರ್ ಹಾಕುವ ಚಟ ಇಲ್ಲಿನವರಿಗೆ ಬಹಳ. ಸಂಡೂರು ಭಾಗದ ಅದಿರು ಹೆಮಟೈಟ್. ಅದರ ಗಡಸುತನ ಗಾಜಿನಷ್ಟೇ, ಕೆಲವೊಮ್ಮೆ ಗಾಜಿಗಿಂತ ಹೆಚ್ಚು. ಆ ಕೆಂಪು ಧೂಳನ್ನು ಒಣಗಿದ್ದಾಗಲೇ ವೈಪರ್‌ನಿಂದ ಎಳೆದರೆ ಗಾಜಿನ ಮೇಲೆ ಬಿಲ್ಲಿನಾಕಾರದ ಗೀರುಗಳು ಬೀಳುತ್ತವೆ, ರಾತ್ರಿ ಎದುರಿನ ಲೈಟು ಬಿದ್ದಾಗ ಕಣ್ಣು ಕುಕ್ಕುತ್ತವೆ. ಇವು ಯಾವ ಪಾಲಿಶ್‌ಗೂ ಸುಲಭವಾಗಿ ಹೋಗುವುದಿಲ್ಲ. ಮೊದಲು ನೀರು ಚಿಮ್ಮಿಸಿ, ಆಮೇಲೆ ವೈಪರ್. ಆದರೆ ಚಕ್ಕೆ ಎದ್ದ ಗಾಜಿಗೆ, ಟೇಪು ಹಚ್ಚಿದ ಮೇಲೂ, ರಿಪೇರಿ ಆಗುವವರೆಗೆ ಎರಡೂ ಬೇಡ.

ರಿಪೇರಿಯೋ, ಬದಲಾವಣೆಯೋ

ಚಕ್ಕೆ ಒಂದು ರೂಪಾಯಿ ನಾಣ್ಯದೊಳಗೆ ಮುಚ್ಚಿಹೋಗುವಂತಿದ್ದರೆ, ಗಾಜಿನ ಅಂಚಿನಿಂದ ನಾಲ್ಕು ಬೆರಳಾದರೂ ದೂರವಿದ್ದರೆ, ಒಳಗಿನಿಂದ ಕೈ ಆಡಿಸಿದಾಗ ನುಣುಪಾಗಿಯೇ ಇದ್ದರೆ ರಿಪೇರಿ ಮಾಡಬಹುದು. ಒಳಗಡೆ ಬೆರಳಿಗೆ ತರಿ ಹತ್ತಿದರೆ ಎರಡೂ ಹಾಳೆ ಹೋಗಿವೆ ಎಂದರ್ಥ, ಬದಲಿಸಿ. ಅಂಚಿನ ಬಿರುಕು ನಿಲ್ಲುವುದಿಲ್ಲ, ಅದಕ್ಕೂ ಬದಲಾವಣೆಯೇ. ಚಾಲಕನ ಕಣ್ಣಿಗೆ ನೇರವಾಗಿ ಬರುವ ಜಾಗದಲ್ಲಿದ್ದರೆ ರಿಪೇರಿ ಆದರೂ ಸಣ್ಣ ಮಸುಕು ಉಳಿಯುತ್ತದೆ. ರಾತ್ರಿ ಓಡಿಸುವವರು ಬದಲಿಸುವುದೇ ಒಳ್ಳೆಯದು.

ದುಂಡಗಿನ ಗುಳಿ ಸುಲಭ. ನಕ್ಷತ್ರದಂತೆ ಕಾಲು ಚಾಚಿದ ಚಕ್ಕೆ ಕಷ್ಟ, ಏಕೆಂದರೆ ಪ್ರತಿ ಕಾಲಿನ ತುದಿಗೂ ರೆಸಿನ್ ತಲುಪಬೇಕು. ಕಾಲುಗಳು ಉದ್ದವಿದ್ದರೆ ಗಾಜು ರಿಪೇರಿ ಕಿಟ್ ತಂದು ಸ್ವತಃ ಕೈ ಹಾಕಬೇಡಿ, ಗಾಜಿನ ಕೆಲಸದವರ ಹತ್ತಿರ ಹೋಗಿ.

ರೆಸಿನ್ ಹಾಕುವುದು: ಇಲ್ಲೇ ಎಲ್ಲ ಕೆಡುವುದು

ಆನ್‌ಲೈನ್‌ನಲ್ಲಿ ಸಿಗುವ ಕಿಟ್‌ನಲ್ಲಿ ಹೀರುಬಟ್ಟಲುಗಳಿರುವ ಸ್ಟ್ಯಾಂಡ್ ಅಥವಾ ಅಂಟು ಉಂಗುರ, ಪಿಸ್ಟನ್ ಇರುವ ಸಣ್ಣ ಕೊಳವೆ, ರೆಸಿನ್ ಬಾಟಲಿ, ಪ್ಲಾಸ್ಟಿಕ್ ಹಾಳೆ, ಬ್ಲೇಡು ಇರುತ್ತವೆ. ಬರೀ ರೆಸಿನ್ ಬಾಟಲಿ ಮತ್ತು ಬ್ಲೇಡು ಮಾತ್ರ ಇರುವ ಅಗ್ಗದ ಪ್ಯಾಕೆಟ್ ಕೊಳ್ಳಬೇಡಿ. ಗಾಳಿ ಹೊರಗೆಳೆಯುವ ವ್ಯವಸ್ಥೆಯೇ ಇಲ್ಲದ ಮೇಲೆ ರೆಸಿನ್ ಮೇಲ್ಮೈಯಲ್ಲೇ ಕೂರುತ್ತದೆ.

ಹೊತ್ತು ಮುಖ್ಯ. ಮಾರ್ಚ್‌ನಿಂದ ಮೇ ತನಕ ಬಳ್ಳಾರಿ, ರಾಯಚೂರಿನಲ್ಲಿ ಹತ್ತು ಗಂಟೆಯ ಮೇಲೆ ಗಾಜು ಮುಟ್ಟಲಾಗದಷ್ಟು ಕಾದಿರುತ್ತದೆ. ಕಾದ ಗಾಜಿನಲ್ಲಿ ರೆಸಿನ್ ನೀರಾಗಿ ಹರಿದುಬಿಡುತ್ತದೆ, ಪಿಸ್ಟನ್ ಒತ್ತಿದಾಗ ಬಿರುಕು ಓಡುತ್ತದೆ. ಇನ್ನೊಂದು ಸಮಸ್ಯೆ ಬೆಳಕಿನದು. ಈ ರೆಸಿನ್ ಗಟ್ಟಿಯಾಗುವುದು ಬಿಸಿಲಿನ ನೇರಳಾತೀತ ಕಿರಣದಿಂದ. ಬಯಲಲ್ಲಿ ನಿಂತು ಹಾಕಿದರೆ ಚಕ್ಕೆಯೊಳಗೆ ಇಳಿಯುವ ಮೊದಲೇ ಅರ್ಧ ಗಟ್ಟಿಯಾಗಿರುತ್ತದೆ. ಬೆಳಿಗ್ಗೆ ಆರರಿಂದ ಎಂಟರೊಳಗೆ, ಶೆಡ್ಡಿನ ಒಳಗೆ ಮಾಡಿ. ಬೇವಿನ ಮರದ ನೆರಳು ಸಾಲದು, ಎಲೆಗಳ ಸಂದಿಯಿಂದ ಬಿಸಿಲು ಬೀಳುತ್ತದೆ. ಬಿಸಿ ಆರಿಸಲೆಂದು ನೀರು ಸುರಿಯುವುದಂತೂ ಬೇಡವೇ ಬೇಡ. ಕಾದ ಗಾಜಿನ ಹೊರಮೈ ಒಮ್ಮೆಲೇ ಕುಗ್ಗಿದರೆ ಬಿರುಕು ಕಣ್ಣೆದುರಿಗೇ ಹರಿಯುತ್ತದೆ.

ಟೇಪು ತೆಗೆದು, ಸೂಜಿಯ ತುದಿಯಿಂದ ಗುಳಿಯಲ್ಲಿ ಸಡಿಲವಾಗಿ ಕೂತ ಗಾಜಿನ ಪುಡಿ ಎತ್ತಿ. ಕೆರೆಯಬೇಡಿ, ಎತ್ತಿ ಅಷ್ಟೇ. ಗಾಜು ಒರೆಸುವ ಯಾವ ದ್ರಾವಣವೂ ಬೇಡ. ಒಳಗೆ ತೇವ ಹೋಗಿದೆ ಎಂಬ ಅನುಮಾನವಿದ್ದರೆ ಕಾರಿನ ಒಳಗಿನಿಂದ ಹೇರ್ ಡ್ರೈಯರ್‌ನ ಕಡಿಮೆ ಬಿಸಿ ಎರಡು ಮೂರು ನಿಮಿಷ ಹಿಡಿಯಿರಿ. ಅಂಗೈ ಇಟ್ಟರೆ ಬೆಚ್ಚಗೆ ಅನ್ನಿಸಿದರೆ ಸಾಕು. ಆಮೇಲೆ ಗಾಜು ಪೂರ್ತಿ ಆರಲು ಕಾಲು ಗಂಟೆ ಬಿಡಿ.

ಸ್ಟ್ಯಾಂಡ್ ಕೂರಿಸುವಾಗ ಕೊಳವೆಯ ಬಾಯಿ ಕಲ್ಲು ಬಡಿದ ಚುಕ್ಕೆಯ ನೇರ ಮೇಲೆ ಬರಬೇಕು. ಬಹಳ ಜನ ಚಕ್ಕೆಯ ನಡುವೆ ಇಡುತ್ತಾರೆ. ಒಡೆದ ಭಾಗದ ನಡುವೂ ಕಲ್ಲು ಬಡಿದ ಚುಕ್ಕೆಯೂ ಯಾವಾಗಲೂ ಒಂದೇ ಕಡೆ ಇರುವುದಿಲ್ಲ, ರೆಸಿನ್ ಒಳಹೋಗುವ ಬಾಗಿಲು ಆ ಚುಕ್ಕೆ. ಇನ್ನೊಬ್ಬರನ್ನು ಒಳಗೆ ಕೂರಿಸಿ ನೋಡಿಸಿದರೆ ಲೆಕ್ಕ ಸರಿಹೋಗುತ್ತದೆ. ರಬ್ಬರ್ ಬಾಯಿ ಗಾಜಿಗೆ ಕಚ್ಚುವಷ್ಟು ತಿರುಗಿಸಿ, ಅದಕ್ಕಿಂತ ಹೆಚ್ಚು ಬಿಗಿದರೆ ಗಾಜಿನ ಮೇಲೇ ಒತ್ತಡ ಬೀಳುತ್ತದೆ.

ಮೂರರಿಂದ ಐದು ಹನಿ ರೆಸಿನ್ ಹಾಕಿ ಪಿಸ್ಟನ್ ಎಳೆಯಿರಿ. ಒಳಗಿನ ಗಾಳಿ ಗುಳ್ಳೆಗುಳ್ಳೆಯಾಗಿ ಮೇಲೆ ಬರುತ್ತದೆ. ಐದರಿಂದ ಹತ್ತು ನಿಮಿಷ ಹಾಗೇ ಬಿಡಿ. ಬಿಟ್ಟು, ಈಗ ಒತ್ತಿ, ಮತ್ತೆ ಅಷ್ಟೇ ಹೊತ್ತು ಕಾಯಿರಿ. ಇಲ್ಲಿಗೆ ಒಂದು ಸುತ್ತು. ಎಲ್ಲರೂ ಒಂದೇ ಸುತ್ತಿಗೆ ಮುಗಿಸಿಬಿಡುತ್ತಾರೆ. ಕನಿಷ್ಠ ಮೂರು ಸುತ್ತು ಬೇಕು. ಮುಗಿಯಿತೋ ಇಲ್ಲವೋ ತಿಳಿಯಲು ಒಳಗಿನಿಂದ ಓರೆಯಾಗಿ ನೋಡಿ. ಗಾಳಿ ಉಳಿದ ಕಡೆ ಬೆಳ್ಳಿಯಂತೆ ಮಿಂಚುತ್ತದೆ ಇಲ್ಲವೇ ಕಪ್ಪಗೆ ಕಾಣುತ್ತದೆ, ತುಂಬಿದ ಕಡೆ ಗಾಜು ಗಾಜಾಗಿಯೇ ಇರುತ್ತದೆ. ಒಂದು ಕಾಲು ಮಾತ್ರ ತುಂಬದೆ ಉಳಿದಿದ್ದರೆ ಒತ್ತಡ ಇರುವಾಗಲೇ ಒಳಗಿನಿಂದ ಹೆಬ್ಬೆರಳಿನಿಂದ ಆ ಜಾಗವನ್ನು ಮೆಲ್ಲಗೆ ಒತ್ತಿ ಬಿಡಿ, ಹಾಗೆ ಹತ್ತು ಹದಿನೈದು ಸಲ. ಗಟ್ಟಿಯಾದ ಮೇಲೆ ಉಳಿದ ಗಾಳಿಯನ್ನು ತೆಗೆಯಲು ಬರುವುದಿಲ್ಲ. ಫೆವಿಕ್ವಿಕ್ ಹಾಕಿದ ಚಕ್ಕೆಗೂ ಇದೇ ಗತಿ: ಅದು ಬಾಗಿಲನ್ನೇ ಮುಚ್ಚಿ, ಬೆಳ್ಳಗೆ ಪುಡಿಗಟ್ಟಿ ಕೂರುತ್ತದೆ. ಟೂತ್‌ಪೇಸ್ಟ್, ಉಗುರು ಬಣ್ಣದ ಸಲಹೆ ಕೊಡುವ ವಿಡಿಯೊಗಳನ್ನು ನಂಬಬೇಡಿ.

ಸ್ಟ್ಯಾಂಡ್ ತೆಗೆದು, ಗುಳಿಯ ಮೇಲೆ ಇನ್ನೊಂದು ಹನಿ ಬಿಟ್ಟು, ಗುಳ್ಳೆ ಬರದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಕಾರನ್ನು ಬಿಸಿಲಿಗೆ ತನ್ನಿ. ಇಲ್ಲಿನ ಬಿಸಿಲಿಗೆ ಹದಿನೈದು ನಿಮಿಷ ಸಾಕು, ಮೋಡವಿದ್ದರೆ ಅರ್ಧ ಗಂಟೆ. ಹಾಳೆ ಕಿತ್ತು, ಬ್ಲೇಡನ್ನು ಗಾಜಿಗೆ ನೆಟ್ಟಗೆ ನಿಲ್ಲಿಸಿ ಹೆಚ್ಚಾದ ರೆಸಿನ್ ಹೆರೆಯಿರಿ. ಓರೆ ಹಿಡಿದರೆ ಗುಳಿಯಲ್ಲಿ ಕೂತ ರೆಸಿನ್ ಕೂಡ ಎದ್ದು ಬರುತ್ತದೆ. ಗುರುತು ಪೂರ್ತಿ ಮಾಯವಾಗುವುದಿಲ್ಲ. ಬಿರುಕು ಹರಿಯದಂತೆ ನಿಂತರೆ ಕೆಲಸ ಗೆದ್ದಂತೆ.

ಗಾಜಿನಾಚೆಗೆ

ಬಾನೆಟ್ ಮೇಲಿನ ಬಣ್ಣ ಹಾರಿ ತಗಡು ಕಂಡರೆ ಅದೇ ವಾರ ಟಚ್‌ಅಪ್ ಬಣ್ಣ ಹಚ್ಚಿ. ಬಣ್ಣದ ಕೋಡ್ ಬಾಗಿಲ ಕಂಬದ ಅಥವಾ ಎಂಜಿನ್ ಕೋಣೆಯ ಪಟ್ಟಿಯಲ್ಲಿರುತ್ತದೆ. ಬಣ್ಣದ ಜೊತೆ ಬರುವ ದಪ್ಪ ಬ್ರಷ್ ಬಿಟ್ಟು ಬೆಂಕಿಕಡ್ಡಿಯ ತುದಿಯಿಂದ ಹನಿ ಇಡಿ. ಪ್ಲಾಸ್ಟಿಕ್ ಬಂಪರ್ ತುಕ್ಕು ಹಿಡಿಯುವುದಿಲ್ಲ, ಅವಸರವಿಲ್ಲ.

ಕೆಟ್ಟು ನಿಂತ ಲಾರಿಯವರು ಗಾಲಿಗೆ ಅಡ್ಡ ಕೊಟ್ಟ ಕಲ್ಲನ್ನು ಹಾಗೇ ಬಿಟ್ಟು ಹೋಗಿರುತ್ತಾರೆ. ರಾತ್ರಿ ಅದರ ಮೇಲೆ ಕಾರು ಹಾದರೆ ಏಟು ಬೀಳುವುದು ಕೆಳಗಿನ ಆಯಿಲ್ ಚೇಂಬರ್‌ಗೆ. ಕೆಂಪು ಆಯಿಲ್ ದೀಪ ಹೊತ್ತಿದರೆ 'ಮುಂದಿನ ಊರಿನವರೆಗೆ' ಎನ್ನಬೇಡಿ, ಅಲ್ಲೇ ಎಂಜಿನ್ ಬಂದ್ ಮಾಡಿ. ಎಣ್ಣೆಯಿಲ್ಲದೆ ಕೆಲವೇ ನಿಮಿಷ ಓಡಿದರೂ ಎಂಜಿನ್ ಜಾಮ್ ಆಗುತ್ತದೆ. ದೀಪ ಹೊತ್ತದಿದ್ದರೂ ಕೆಳಗೊಂದು ಹಳೇ ಪೇಪರ್ ಹಾಸಿ ಹತ್ತು ನಿಮಿಷ ನೋಡಿ. ಬಣ್ಣವಿಲ್ಲದ ನೀರು ಏಸಿಯದು, ಬಿಡಿ. ಹಸಿರು ಅಥವಾ ಗುಲಾಬಿ ಹನಿ ರೇಡಿಯೇಟರ್‌ನದು, ಕಂದು ಅಥವಾ ಕಪ್ಪು ಜಿಡ್ಡು ಎಣ್ಣೆಯದು. ಎರಡಕ್ಕೂ ಕಾರನ್ನು ಓಡಿಸದೆ ಎಳೆಸಿಕೊಂಡು ಹೋಗಬೇಕು. ತೂತಿಗೆ ಎಂ-ಸೀಲ್ ಮೆತ್ತುವ ಉಪಾಯ ಜಿಡ್ಡಿನ ಮೇಲೆ ನಿಲ್ಲುವುದಿಲ್ಲ. ಎಣ್ಣೆ ಇಳಿಸಿ, ಪೆಟ್ರೋಲ್‌ನಿಂದ ಒರೆಸಿ, ಒಣಗಿಸಿ ಹಚ್ಚಿದರೂ ಗ್ಯಾರೇಜ್ ಮುಟ್ಟುವವರೆಗಿನ ಮಾತು.

ಟೈರಿನ ಓಡುವ ಮೈಗೆ ಮೊಳೆ ಹೊಕ್ಕಿದ್ದರೆ ಪಂಚರ್ ಹಾಕಿಸಿ. ಪಕ್ಕದ ಗೋಡೆ ಸೀಳಿದ್ದರೆ ಅಥವಾ ಉಬ್ಬಿದ್ದರೆ ಪಂಚರ್ ಅಂಗಡಿಯವರು ಏನೇ ಭರವಸೆ ಕೊಟ್ಟರೂ ಟೈರ್ ಬದಲಿಸಿ.

ವಿಮೆ ಮತ್ತು ಹೊಸ ಗಾಜು

ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ನಿಮ್ಮ ಗಾಜಿಗೆ ಏನೂ ಸಿಗದು. ಪೂರ್ಣ ವಿಮೆಯಲ್ಲಿ ಗಾಜಿಗೆ ಸವಕಳಿ ಕಡಿತವಿಲ್ಲ, ರಬ್ಬರ್ ಪ್ಲಾಸ್ಟಿಕ್ ಭಾಗಗಳಿಗೆ 50% ಕಡಿತ. ಜೊತೆಗೆ ನಿಮ್ಮ ಕೈಯಿಂದ ಕಡ್ಡಾಯವಾಗಿ ಕಟ್ಟಬೇಕಾದ ಮೊತ್ತ 1,500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದರ ಮೇಲಿನದಕ್ಕೆ 2,000. ಕ್ಲೇಮ್ ಮಾಡಿದರೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ಈ ರಿಯಾಯಿತಿ 20ರಿಂದ 50%ವರೆಗೆ ಇರುತ್ತದೆ. ಹಾಗಾಗಿ ಕಳೆದುಕೊಳ್ಳುವ ಬೋನಸ್ಸನ್ನು ಗಾಜಿನ ಬೆಲೆಯೊಡನೆ ಹೋಲಿಸಿಯೇ ಕ್ಲೇಮ್ ಹಾಕಿ. ಹಾಕುವುದಾದರೆ ಗಾಜು ಬಿಚ್ಚುವ ಮೊದಲೇ ಕಂಪನಿಗೆ ತಿಳಿಸಿ. ಬಿಚ್ಚಿದ ಮೇಲೆ ಸರ್ವೇಯರ್‌ಗೆ ತೋರಿಸಲು ಏನೂ ಇರುವುದಿಲ್ಲ.

ಹೊಸ ಗಾಜಿನ ಮೂಲೆಯಲ್ಲಿ ಐಎಸ್‌ಐ ಗುರುತು ಇದೆಯೇ ನೋಡಿ. ಗಾಜು ಅಂಟಿಸಿದ ಗಮ್ ಎಷ್ಟು ಗಂಟೆಗೆ ಹಿಡಿಯುತ್ತದೆಂದು ಕೇಳಿ, ಅಲ್ಲಿಯವರೆಗೆ ಕಾರು ಕದಲಿಸಬೇಡಿ. ಎಡಗಡೆಯ ಏರ್‌ಬ್ಯಾಗ್ ಉಬ್ಬುವಾಗ ಎಷ್ಟೋ ಕಾರುಗಳಲ್ಲಿ ಒರಗುವುದು ಈ ಗಾಜಿಗೇ. ಮೊದಲ ದಿನ ಒಂದು ಕಿಟಕಿ ಬೆರಳಗಲ ತೆರೆದಿಡಿ, ಬಾಗಿಲು ಜೋರಾಗಿ ಬಡಿದರೆ ಒಳಗಿನ ಗಾಳಿ ಹಸಿ ಗಮ್ ಅನ್ನು ಹೊರಗೆ ನೂಕುತ್ತದೆ. ಕನ್ನಡಿಯ ಹಿಂದೆ ಕ್ಯಾಮೆರಾ ಇರುವ ಕಾರಾದರೆ ಅದನ್ನು ಮರುಹೊಂದಿಸದೆ ಕಾರು ಬಿಡಿಸಿಕೊಳ್ಳಬೇಡಿ.

ಹಳೆ ಗಾಜಿನ ಜೊತೆ ಫಾಸ್ಟ್ಯಾಗ್ ಕೂಡ ಹೋಗುತ್ತದೆ. ಕಿತ್ತು ಮತ್ತೆ ಅಂಟಿಸಿದ ಟ್ಯಾಗ್ ಕೆಲಸ ಮಾಡುವುದಿಲ್ಲ, ಒಳಗಿನ ತಂತಿ ಹರಿದಿರುತ್ತದೆ. ಗಾಜು ಹಾಕಿಸುವ ದಿನವೇ ಟ್ಯಾಗ್ ಕೊಟ್ಟ ಬ್ಯಾಂಕಿನಲ್ಲಿ ಬದಲಿ ಟ್ಯಾಗ್‌ಗೆ ಅರ್ಜಿ ಹಾಕಿ. ಹಳೆ ಖಾತೆಯ ಹಣ ಹಾಗೇ ಉಳಿಯುತ್ತದೆ. ಇಲ್ಲದಿದ್ದರೆ ಹಿಟ್ನಾಳ್ ಟೋಲ್‌ನಲ್ಲಿ ಹೆಚ್ಚು ಶುಲ್ಕ ತೆರಬೇಕಾಗುತ್ತದೆ.