ಭೃಗು ಸರೋವರಕ್ಕೆ ಹೊರಟಿದ್ದೀರಾ? ಮೂರು ದಿನ ಜಾಸ್ತಿ ರಜೆ ಹಾಕಿ

ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದ ಹುಡುಗರು ನನ್ನ ಹತ್ತಿರ ಬಂದು, ‘ಸರ್, ನಾಲ್ಕು ದಿನ ರಜೆ ಇದೆ, ಭೃಗು ಸರೋವರ ನೋಡ್ಕೊಂಡು ಬಂದುಬಿಡ್ತೀವಿ’ ಅನ್ನುತ್ತಾರೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಈ ಮಾತು ಕೇಳುತ್ತೇನೆ. ಅವರ ಕಾಲಿನ ಬಗ್ಗೆ ನನಗೆ ಅನುಮಾನವಿಲ್ಲ. ಅನುಮಾನ ಇರುವುದು ಆ ನಾಲ್ಕು ದಿನದ ಬಗ್ಗೆ.

ಭೃಗು ಸರೋವರ ಇರುವುದು ಹಿಮಾಚಲ ಪ್ರದೇಶದ ಮನಾಲಿಯ ಮೇಲೆ, ಸುಮಾರು 4,250 ಮೀಟರ್ ಎತ್ತರದಲ್ಲಿ. ಅಡಿ ಲೆಕ್ಕದಲ್ಲಿ 14,000ದ ಆಸುಪಾಸು. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಮನಾಲಿ ಊರೇ ಸುಮಾರು 2,050 ಮೀಟರ್ ಎತ್ತರದಲ್ಲಿದೆ. ಅಂದರೆ ಬಸ್ಸಿನಿಂದ ಇಳಿದು ಚೀಲ ಹುಡುಕುವ ಹೊತ್ತಿಗೇ ನೀವು ಮುಳ್ಳಯ್ಯನಗಿರಿಯ ತುದಿಗಿಂತ ಮೇಲೆ ನಿಂತಿರುತ್ತೀರಿ. ಅಲ್ಲಿಂದ ಸರೋವರ ಇನ್ನೂ 2,200 ಮೀಟರ್ ಮೇಲೆ.

ದಾರಿ ಸುಲಭ, ಬಹುಪಾಲು ಹುಲ್ಲುಗಾವಲು, ರಸ್ತೆಯಿಂದ ದೂರವೂ ಜಾಸ್ತಿ ಇಲ್ಲ. ಅದಕ್ಕೇ ಮೊದಲ ಸಲ ಹಿಮಾಲಯಕ್ಕೆ ಹೋಗುವವರು ಇದನ್ನು ಆರಿಸುತ್ತಾರೆ. ತಪ್ಪು ನಡೆಯುವುದೂ ಅಲ್ಲೇ. ದಾರಿ ಸುಲಭ ಅಂತ ಬೇಗ ಹತ್ತುತ್ತಾರೆ, ದೇಹಕ್ಕೆ ಎತ್ತರ ಒಗ್ಗಲು ಸಮಯ ಕೊಡುವುದಿಲ್ಲ.

1. ತಿಂಗಳು ಆರಿಸಿ

ಮೇ ಕೊನೆಯಿಂದ ಜೂನ್ ಮೂರನೇ ವಾರದವರೆಗೆ ಹಿಮ ಸಿಗುತ್ತದೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರಗಳಲ್ಲಿ ಆಕಾಶ ತಿಳಿಯಾಗಿರುತ್ತದೆ, ನೀರಿನ ಬಣ್ಣ ಚೆನ್ನಾಗಿ ಕಾಣುತ್ತದೆ. ನನ್ನನ್ನು ಕೇಳಿದರೆ ಸೆಪ್ಟೆಂಬರ್. ಜುಲೈ, ಆಗಸ್ಟ್ ಬೇಡ. 2023ರ ಜುಲೈನಲ್ಲಿ ಬಿಯಾಸ್ ನದಿ ಉಕ್ಕಿ ಮನಾಲಿ ಹೆದ್ದಾರಿಯನ್ನೇ ಕೊಚ್ಚಿಕೊಂಡು ಹೋಗಿದ್ದನ್ನು ನೆನಪಿಡಿ.

2. ಕಾಲು ತಯಾರು ಮಾಡಿ

ಎರಡು ತಿಂಗಳು ಮೊದಲಿನಿಂದ ವಾರಕ್ಕೆ ನಾಲ್ಕು ದಿನ ಜಾಗಿಂಗ್ ಮಾಡಿ, ಮೆಟ್ಟಿಲು ಹತ್ತಿ. ಅಷ್ಟೇ ಸಾಕು.

3. ಶೂ ಈಗಲೇ ಕೊಳ್ಳಿ

ಹೊರಡುವ ಹಿಂದಿನ ದಿನ ಹೊಸ ಶೂ ಕೊಂಡವರ ಹಿಮ್ಮಡಿ ನೋಡಿದ್ದೇನೆ. ನೋಡಲು ಆಗುವುದಿಲ್ಲ. ಒಂದು ತಿಂಗಳು ಮೊದಲೇ ಕೊಂಡು, ಆಫೀಸಿಗೂ ಅದನ್ನೇ ಹಾಕಿಕೊಂಡು ಹೋಗಿ. ಪಾದದ ಗಂಟನ್ನು ಮುಚ್ಚುವಷ್ಟು ಎತ್ತರ ಇರಲಿ, ಅಡಿಭಾಗದ ಹಲ್ಲು ಆಳವಾಗಿರಲಿ, ಬೆರಳ ಮುಂದೆ ಅರ್ಧ ಇಂಚು ಜಾಗ ಇರಲಿ. ಇಳಿಯುವಾಗ ಉಗುರು ಉಳಿಯುವುದು ಆ ಅರ್ಧ ಇಂಚಿನಿಂದ. ಶೂ ಬಾಡಿಗೆಗೆ ತೆಗೆದುಕೊಳ್ಳಲೇಬೇಡಿ. ಜಾಕೆಟ್ಟು, ಊರುಗೋಲು ಬಾಡಿಗೆಗೆ ತಂದರೆ ಅಡ್ಡಿಯಿಲ್ಲ.

ರಸ್ತೆ ಬದಿ ಸಿಗುವ ತೆಳು ಪ್ಲಾಸ್ಟಿಕ್ ಮಳೆಅಂಗಿ ಮೊದಲ ಗಾಳಿಗೇ ಹರಿಯುತ್ತದೆ. ಜೀನ್ಸ್ ಮನೆಯಲ್ಲೇ ಇರಲಿ. ಒಮ್ಮೆ ನೆನೆದರೆ ಆ ಚಳಿಯಲ್ಲಿ ಒಣಗುವುದಿಲ್ಲ. ಕಪ್ಪು ಕನ್ನಡಕ ಮರೆಯಬೇಡಿ. ಹಿಮದ ಮೇಲೆ ಬರಿಗಣ್ಣಲ್ಲಿ ಒಂದು ದಿನ ನಡೆದರೆ ರಾತ್ರಿ ಕಣ್ಣಿಗೆ ಮರಳು ಎರಚಿದಂತೆ ಉರಿಯುತ್ತದೆ.

4. ಎತ್ತರಕ್ಕೆ ಒಗ್ಗಿಕೊಳ್ಳಿ

ಈ ಲೇಖನ ಬರೆಯಲು ಕೂತಿದ್ದೇ ಇದನ್ನು ಹೇಳಲು.

‘ಮೇಲೆ ಆಮ್ಲಜನಕ ಕಮ್ಮಿ’ ಅನ್ನುತ್ತೇವೆ. ಸರಿಯಾಗಿ ಹೇಳಬೇಕೆಂದರೆ ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಾ ಕಡೆ ಒಂದೇ, ಶೇ 21. ಕಮ್ಮಿಯಾಗುವುದು ಗಾಳಿಯ ಒತ್ತಡ. ಸರೋವರದ ಎತ್ತರದಲ್ಲಿ ಅದು ಸಮುದ್ರಮಟ್ಟದ ಒತ್ತಡದ ಸುಮಾರು ಶೇ 60 ಮಾತ್ರ. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಅಷ್ಟೇ ಕಮ್ಮಿ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ. ಉಸಿರು ಹೆಚ್ಚುತ್ತದೆ, ಮೂತ್ರ ಜಾಸ್ತಿ ಹೋಗುತ್ತದೆ, ರಕ್ತ ನಿಧಾನವಾಗಿ ಬದಲಾಗುತ್ತದೆ. ಇದಕ್ಕೆ ದಿನಗಳು ಬೇಕು. ನೀವು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಆ ದಿನಗಳು ಕಮ್ಮಿಯಾಗುವುದಿಲ್ಲ. ಓಟಗಾರರು ಬೇಗ ಹತ್ತುವುದರಿಂದ ಅವರಿಗೇ ಅಪಾಯ ಜಾಸ್ತಿ.

ನಾಲ್ಕು ದಿನದವರು ಏನು ಮಾಡುತ್ತಾರೆ ನೋಡಿ. ಬೆಂಗಳೂರಿನಿಂದ ವಿಮಾನ, ದೆಹಲಿಯಿಂದ ರಾತ್ರಿ ಬಸ್ಸು. ನಿದ್ದೆಯಿಲ್ಲದೆ ಬೆಳಿಗ್ಗೆ ಮನಾಲಿಯಲ್ಲಿ ಇಳಿಯುತ್ತಾರೆ. ಅದೇ ದಿನ ಜೀಪು ಹತ್ತಿ ಗುಲಾಬಾಕ್ಕೆ ಹೋಗುತ್ತಾರೆ, ಅಲ್ಲಿಂದ ನಡಿಗೆ. 920 ಮೀಟರ್ ಎತ್ತರದ ಊರಿನವರು ಎರಡನೇ ರಾತ್ರಿಗೆ 3,000 ದಾಟಿ ಮಲಗುತ್ತಾರೆ, ಮೂರನೇ ರಾತ್ರಿಗೆ 3,800. ನಿಯಮ ಹೇಳುವುದು ಬೇರೆ. 3,000 ಮೀಟರ್ ದಾಟಿದ ಮೇಲೆ, ಮಲಗುವ ಎತ್ತರವನ್ನು ಒಂದು ರಾತ್ರಿಗೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು. ಹಗಲು ಎಷ್ಟು ಹತ್ತಿದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದು ಮುಖ್ಯ.

ಹೀಗೆ ಮಾಡಿ. ಮನಾಲಿಯಲ್ಲಿ ಎರಡು ರಾತ್ರಿ ಇರಿ. ನಡುವಿನ ದಿನ ವಸಿಷ್ಠ ಗ್ರಾಮದಿಂದ ಜೋಗಿನಿ ಜಲಪಾತಕ್ಕೆ ನಿಧಾನವಾಗಿ ನಡೆದು ಬನ್ನಿ. ಮೂರನೇ ದಿನ ಗುಲಾಬಾದಿಂದ ಹತ್ತಿ, ಸುಮಾರು 3,200 ಮೀಟರಿನ ಜೊಂಕರ್ ಥಾಚ್‌ನಲ್ಲಿ ಡೇರೆ ಹಾಕಿ. ಥಾಚ್ ಅಂದರೆ ಆ ಕಡೆಯ ಮಾತಿನಲ್ಲಿ ಕುರಿ ಮೇಯಿಸುವ ಹುಲ್ಲುಗಾವಲು. ಬೇಸಿಗೆಯಲ್ಲಿ ಗದ್ದಿ ಕುರಿಗಾಹಿಗಳು ಮಂದೆ ಹೊಡೆದುಕೊಂಡು ಬರುತ್ತಾರೆ. ಅಲ್ಲಿ ಒಂದು ರಾತ್ರಿ ಅಲ್ಲ, ಎರಡು ರಾತ್ರಿ ಇರಿ. ನಾಲ್ಕನೇ ದಿನ ಬರಿಗೈಯಲ್ಲಿ 400 ಮೀಟರ್ ಮೇಲೆ ಹತ್ತಿ, ಒಂದು ಗಂಟೆ ಕೂತು, ಮತ್ತೆ ಕೆಳಗೆ ಬಂದು ಮಲಗಿ. ಐದನೇ ದಿನ ರೋಲಾ ಖೋಲಿ ಬಿಡಾರ, ಆರನೇ ದಿನ ಸರೋವರ. ರೋಲಾ ಖೋಲಿ 3,800ರ ಹತ್ತಿರ ಇರುವುದರಿಂದ ಆ ರಾತ್ರಿಯ ಏರಿಕೆ ನಿಯಮಕ್ಕಿಂತ ಸ್ವಲ್ಪ ಜಾಸ್ತಿಯೇ. ಕೆಳಗೆ ಎರಡು ರಾತ್ರಿ ಕಡ್ಡಾಯ ಅನ್ನುವುದು ಅದಕ್ಕೇ. ಚಾರಣ ನಡೆಸುವವರು ‘ಆ ದಿನ ಬೇಕಾಗಿಲ್ಲ, ಸುಮ್ನೆ ದುಡ್ಡು ಖರ್ಚು’ ಎಂದರೆ ಬೇರೆಯವರನ್ನು ಹುಡುಕಿ.

ಈಗ ತಲೆನೋವಿನ ವಿಷಯ. ನಮ್ಮವರು ಇದಕ್ಕೆ ಕಾರಣ ಹುಡುಕುವುದರಲ್ಲಿ ಜಾಣರು. ‘ಪಿತ್ತ ಆಗಿದೆ.’ ‘ಗ್ಯಾಸ್ಟ್ರಿಕ್ಕು.’ ‘ಬೆಳಿಗ್ಗೆ ಕಾಫಿ ಸಿಗಲಿಲ್ಲ, ಅದಕ್ಕೆ.’ ‘ಬಿಸಿಲು ಬಡಿದಿದೆ.’ ದಯವಿಟ್ಟು ಹಾಗೆ ಮಾಡಬೇಡಿ. ಎತ್ತರದಲ್ಲಿ ತಲೆನೋವಿನ ಜೊತೆ ವಾಕರಿಕೆ, ಸುಸ್ತು, ತಲೆಸುತ್ತು ಇವುಗಳಲ್ಲಿ ಒಂದಿದ್ದರೂ ಅದು ಎತ್ತರದ ಕಾಯಿಲೆ ಎಂದೇ ತಿಳಿದು ನಡೆಯಿರಿ. ಅದು ಹತ್ತಿದ ಕೂಡಲೇ ಬರುವುದಿಲ್ಲ, 6ರಿಂದ 12 ಗಂಟೆ ಬಿಟ್ಟು ಬರುತ್ತದೆ. ಸಂಜೆ ಹಾಡು ಹೇಳುತ್ತಿದ್ದವರು ನಡುರಾತ್ರಿ ವಾಂತಿ ಮಾಡುವುದು ಹೀಗೆ. ಲಕ್ಷಣ ಕಂಡರೆ ಇದ್ದಲ್ಲೇ ಇರಿ, ಮೇಲೆ ಹತ್ತಬೇಡಿ. ಒಂದು ದಿನದಲ್ಲಿ ಕಮ್ಮಿಯಾಗದಿದ್ದರೆ ಇಳಿಯಿರಿ. ಜಾಸ್ತಿಯಾಗುತ್ತಿದ್ದರೆ ಕಾಯಬೇಡಿ, ಆಗಲೇ ಇಳಿಯಿರಿ.

ಒಂದು ಜೂನ್‌ನಲ್ಲಿ ನಮ್ಮ ಗುಂಪಿನಲ್ಲಿ ಒಬ್ಬ ಹುಡುಗ ಇದ್ದ. ಮ್ಯಾರಥಾನ್ ಓಡುವವನು. ದಾರಿಯುದ್ದಕ್ಕೂ ಎಲ್ಲರಿಗಿಂತ ಮುಂದೆ. ರೋಲಾ ಖೋಲಿಯಲ್ಲಿ ಸಂಜೆ ಊಟದ ತಟ್ಟೆ ಪಕ್ಕಕ್ಕಿಟ್ಟು ಶೂ ಲೇಸ್ ಕಟ್ಟುತ್ತಿದ್ದ. ಒಂದು ಸಲ ಗಂಟು ಜಾರಿತು. ಇನ್ನೊಂದು ಸಲ ಕುಣಿಕೆಯೇ ಆಗಲಿಲ್ಲ. ಮೂರನೇ ಸಲ ಲೇಸಿನ ತುದಿ ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಾ ಕೂತ. ಅನ್ನ ಆರಿ ಗಟ್ಟಿಯಾಗಿತ್ತು. ನಾನು ಅವನನ್ನು ಎಬ್ಬಿಸಿ, ಚಿಕ್ಕಂದಿನಲ್ಲಿ ಗೋಲಿ ಆಡುವಾಗ ಪಾದ ಅಳೆಯುತ್ತಿದ್ದೆವಲ್ಲ, ಹಾಗೆ ಹಿಮ್ಮಡಿಗೆ ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಯಲು ಹೇಳಿದೆ. ನಾಲ್ಕನೇ ಹೆಜ್ಜೆಗೆ ಪಕ್ಕಕ್ಕೆ ವಾಲಿದ. ಅಂದರೆ ಮಿದುಳಿನಲ್ಲಿ ಊತ ಶುರುವಾಗಿದೆ. ಬೆಳಗಾಗುವವರೆಗೆ ಕಾಯುವ ಕಾಯಿಲೆ ಅದಲ್ಲ. ತಲೆದೀಪ ಹಾಕಿಕೊಂಡು, ಮಾರ್ಗದರ್ಶಿ ಒಂದು ಕಡೆ ನಾನು ಒಂದು ಕಡೆ ಹಿಡಿದು, ರಾತ್ರಿಯೇ ಇಳಿಸಿದೆವು. ಕೆಳಗಿನ ಥಾಚ್ ತಲುಪಿದ ಮೇಲೆ ಅವನೇ ಬಾಯಿಬಿಟ್ಟು ಚಹಾ ಕೇಳಿದ. ಬೆಳಿಗ್ಗೆ ಮನಾಲಿಯಲ್ಲಿ ಡಾಕ್ಟರಿಗೆ ತೋರಿಸಿದೆವು. ತಲೆನೋವು ಹಿಂದಿನ ರಾತ್ರಿಯೇ ಶುರುವಾಗಿತ್ತಂತೆ. ‘ನನ್ನಿಂದ ಎಲ್ಲರಿಗೂ ತೊಂದರೆ ಆಗಬಾರದು ಅಂತ ಹೇಳಲಿಲ್ಲ ಸರ್’ ಅಂದ. ಆ ಮಾತು ಕೇಳಿ ನನಗೆ ಆದ ಸಂಕಟ ಇವತ್ತಿಗೂ ಹೋಗಿಲ್ಲ. ಅಂದಿನಿಂದ ನಮ್ಮ ಗುಂಪಿನಲ್ಲಿ ಒಂದು ಪದ್ಧತಿ ಇದೆ. ಪ್ರತಿ ಸಂಜೆ ಒಬ್ಬೊಬ್ಬರನ್ನೂ ಪಕ್ಕಕ್ಕೆ ಕರೆದು ಕೇಳುತ್ತೇನೆ. ಎಲ್ಲರ ಎದುರಿಗೆ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ.

ಇನ್ನೊಂದು ಅಪಾಯ ಶ್ವಾಸಕೋಶದಲ್ಲಿ ನೀರು ತುಂಬುವುದು. ಸುಮ್ಮನೆ ಕೂತಿದ್ದರೂ ಏದುಸಿರು, ಒಣಕೆಮ್ಮು, ತುಟಿ ನೀಲಿ. ಇದಕ್ಕೂ ಮದ್ದು ಒಂದೇ, ತಕ್ಷಣ ಇಳಿಸುವುದು. ಸಿಲಿಂಡರಿನ ಆಮ್ಲಜನಕ ಇದ್ದರೆ ಕೊಡುತ್ತಾ ಇಳಿಸಿ.

ಡಯಾಮಾಕ್ಸ್ ಮಾತ್ರೆ ದೇಹ ಬೇಗ ಒಗ್ಗಲು ಸಹಾಯ ಮಾಡುತ್ತದೆ. ಆದರೆ ಅಂಗಡಿಯಿಂದ ತಂದು ನುಂಗಬೇಡಿ, ಊರಲ್ಲೇ ಡಾಕ್ಟರನ್ನು ಕೇಳಿ. ಸಲ್ಫಾ ಔಷಧಿ ಆಗದವರು ಅದನ್ನು ಮೊದಲೇ ಹೇಳಬೇಕು. ಬೆರಳು ಜುಮ್ಮೆನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗುವುದು ಅದರ ಗುಣ, ಹೆದರಬೇಡಿ. ಮಾತ್ರೆ ತೆಗೆದುಕೊಂಡೆ ಅಂತ ಒಂದು ದಿನ ಕಮ್ಮಿ ಮಾಡಬೇಡಿ. ಮದ್ಯ, ನಿದ್ದೆ ಮಾತ್ರೆ ಎರಡೂ ಬೇಡ. ಎರಡೂ ಉಸಿರನ್ನು ಕುಗ್ಗಿಸುತ್ತವೆ.

ಕರ್ಪೂರ ಮೂಸಿದರೆ ಆಮ್ಲಜನಕ ಏರುತ್ತದೆ ಅನ್ನುವುದು ಸುಳ್ಳು. ಮೂಗು ತಣ್ಣಗಾಗುತ್ತದೆ ಅಷ್ಟೆ. ಪುದೀನ ವಾಸನೆಯ ಪುಟ್ಟ ಆಮ್ಲಜನಕ ಡಬ್ಬಿಗಳನ್ನು ಕೊಳ್ಳಲೇಬೇಡಿ. ಕೆಲವೇ ನಿಮಿಷದಲ್ಲಿ ಖಾಲಿಯಾಗುತ್ತವೆ, ಅಷ್ಟು ಹೊತ್ತು ಇಳಿಯುವ ನಿರ್ಧಾರ ಮುಂದಕ್ಕೆ ಹೋಗುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇಟ್ಟುಕೊಳ್ಳಿ, ಆದರೆ ಕೈ ಬೆಚ್ಚಗೆ ಮಾಡಿಕೊಂಡು, ಉಗುರುಬಣ್ಣ ತೆಗೆದು ನೋಡಿ. ಅಂಕಿ ಚೆನ್ನಾಗಿದ್ದು ಮನುಷ್ಯ ತೂರಾಡುತ್ತಿದ್ದರೆ ಮನುಷ್ಯನನ್ನು ನಂಬಿ, ಅಂಕಿಯನ್ನಲ್ಲ.

5. ಬಿಡಾರದಲ್ಲಿ

ದಿನಕ್ಕೆ ಮೂರರಿಂದ ನಾಲ್ಕು ಲೀಟರ್ ನೀರು ಕುಡಿಯಿರಿ. ಒಂದೇ ಸಲ ಅಲ್ಲ, ಗುಟುಕು ಗುಟುಕಾಗಿ. ಹಸಿವಿಲ್ಲದಿದ್ದರೂ ಉಣ್ಣಿ. ಈ ಎತ್ತರದಲ್ಲಿ ನೀರು 87 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ. ಹಾಗಾಗಿ ಕುಕ್ಕರ್ ಇಲ್ಲದಿದ್ದರೆ ಬೇಳೆ ಬೇಯುವುದೇ ಇಲ್ಲ, ಅನ್ನವೂ ಗಂಟಲಲ್ಲಿ ಇಳಿಯುವುದಿಲ್ಲ. ನಾನು ಪ್ರತಿ ಸಲ ಹುರಿಹಿಟ್ಟು, ಚಟ್ನಿಪುಡಿ ಒಯ್ಯುತ್ತೇನೆ. ಬಾಯಿ ಕೆಟ್ಟವರೂ ಚಟ್ನಿಪುಡಿ ಇದ್ದರೆ ನಾಲ್ಕು ತುತ್ತು ತಿನ್ನುತ್ತಾರೆ.

ರಾತ್ರಿ ಪಕ್ಕದವರ ಉಸಿರು ಕೆಲವು ಕ್ಷಣ ನಿಂತು, ಆಮೇಲೆ ಜೋರಾಗಿ ಶುರುವಾಗುವುದು ಕೇಳಿಸಬಹುದು. ಎತ್ತರದಲ್ಲಿ ಅದು ಸಹಜ.

6. ಸರೋವರದ ದಿನ

ಬೆಳಿಗ್ಗೆ ಐದೂವರೆಗೆ ಹೊರಡಿ. ಆ ಹೊತ್ತಿಗೆ ಹಿಮ ಗಟ್ಟಿಯಾಗಿರುತ್ತದೆ, ಕಾಲು ಹೂತುಹೋಗುವುದಿಲ್ಲ. ಮಧ್ಯಾಹ್ನದ ಮೇಲೆ ಮೋಡ ಕವಿಯುತ್ತದೆ. ಮಾತಾಡಲು ಆಗುವಷ್ಟು ವೇಗದಲ್ಲಿ ನಡೆಯಿರಿ. ಮಾತು ಕಡಿದರೆ ವೇಗ ಜಾಸ್ತಿಯಾಗಿದೆ ಅಂತ ಅರ್ಥ. ಹಿಮದ ಏರಿನಲ್ಲಿ ಶೂ ತುದಿಯಿಂದ ಒದ್ದು ಹೆಜ್ಜೆ ಕೊರೆಯಿರಿ. ಇಳಿಯುವಾಗ ಹಿಮ್ಮಡಿ ಊರಿ. ಎಲ್ಲರೂ ಕೂತು ಜಾರುತ್ತಿದ್ದಾರೆ ಅಂತ ನೀವೂ ಜಾರಬೇಡಿ. ಹಿಮದ ಕೆಳಗೆ ಬಂಡೆ ಎಲ್ಲಿದೆಯೋ ಕಾಣುವುದಿಲ್ಲ.

ಹನ್ನೆರಡಕ್ಕೆ ಎಲ್ಲೇ ಇರಿ, ತಿರುಗಿ. ಸರೋವರ ಇನ್ನು ಹತ್ತೇ ನಿಮಿಷ ಎಂದರೂ ತಿರುಗಿ. ಹವೆ ಕೆಟ್ಟರೆ ಒಂಬತ್ತಕ್ಕೇ ತಿರುಗಿ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಸರೋವರದ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ನಮ್ಮ ರಾಜ್ಯದ ಒಂಬತ್ತು ಚಾರಣಿಗರು ತೀರಿಕೊಂಡರು. ಅನುಭವ ಇದ್ದವರೂ ಅವರಲ್ಲಿದ್ದರು. ಬೆಟ್ಟದ ಹವೆ ಅಷ್ಟು ಬೇಗ ತಿರುಗಿಬೀಳುತ್ತದೆ.

ಕೊನೆಯ ದಿಬ್ಬ ಹತ್ತುವವರೆಗೂ ಸರೋವರ ಕಾಣುವುದಿಲ್ಲ. ಹತ್ತಿದ ಮೇಲೆ ಬಟ್ಟಲಿನಂತೆ ಕೆಳಗೆ ಕಾಣುತ್ತದೆ. ಜೂನ್‌ನಲ್ಲಿ ಬಹಳಷ್ಟು ಬಿಳಿ, ಅಂಚಿನಲ್ಲಿ ಕರಗಿದ ಕಡೆ ಮಾತ್ರ ಕಡುನೀಲಿ ಗೆರೆ. ಭೃಗು ಮಹರ್ಷಿ ತಪಸ್ಸು ಮಾಡಿದ ಜಾಗ ಅನ್ನುವುದು ಊರಿನವರ ನಂಬಿಕೆ. ನೀರಿಗೆ ಇಳಿಯಬೇಡಿ, ಬಾಟಲಿ ಅದ್ದಿ ತೊಳೆಯಬೇಡಿ. ಮಂಜುಗಡ್ಡೆಯ ಮೇಲೆ ಫೋಟೊಗಾಗಿ ಕಾಲಿಡಬೇಡಿ. ದಡದ ಹಿಮ ಒಳಗಿನಿಂದ ಕರಗಿ ಟೊಳ್ಳಾಗಿರುತ್ತದೆ. ಅರ್ಧ ಗಂಟೆ ಸುಮ್ಮನೆ ಕೂತು, ಬಿಸಿ ನೀರು ಕುಡಿದು ಎದ್ದುಬಿಡಿ.

7. ಇಳಿಯುವುದು

ಊರುಗೋಲು ಸ್ವಲ್ಪ ಉದ್ದ ಮಾಡಿಕೊಳ್ಳಿ, ಮಂಡಿ ಬಗ್ಗಿಸಿ ನಡೆಯಿರಿ. ಬಿಸ್ಕತ್ತಿನ ಕಾಗದ, ಒದ್ದೆ ಟಿಶ್ಯೂ ಎಲ್ಲ ಚೀಲದಲ್ಲೇ ಕೆಳಗೆ ತನ್ನಿ. ಕೊನೆಗೆ ವಸಿಷ್ಠ ಗ್ರಾಮಕ್ಕೆ ಹೋಗಿ. ದೇವಸ್ಥಾನದ ಪಕ್ಕ ಗಂಧಕದ ಬಿಸಿನೀರಿನ ಕುಂಡ ಇದೆ, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ. ಸೋಪು ಒಯ್ಯಬೇಡಿ. ತೊಡೆ ಮುಳುಗುವಷ್ಟು ಹತ್ತು ನಿಮಿಷ ಕೂತರೆ ಸಾಕು. ಒಂದು ಜೊತೆ ಒಣ ಕಾಲುಚೀಲವನ್ನು ಮೊದಲೇ ಹೋಟೆಲಿನಲ್ಲಿ ಬಿಟ್ಟುಹೋಗಿರಿ. ದೆಹಲಿಯ ರಾತ್ರಿ ಬಸ್ಸಿಗೆ ಅದು ಬೇಕೇ ಬೇಕು.